ಅಲೆ ಹಿಡಿಯೋಕೆ ಎರಡು ಕಾಲಮ್ ಸಾಕು

ಕಳೆದ ಸಂಚಿಕೆಯಲ್ಲಿ ಲೀನಿಯರ್ ರಿಗ್ರೆಶನ್ ಬಗ್ಗೆ, ಅಂದರೆ ಅಳತೆಗಳಿಗೆ ಆದಷ್ಟು ಹೊಂದುವ ಗೆರೆ ಹುಡುಕುವ ಲೆಕ್ಕದ ಬಗ್ಗೆ, ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ಏರಿ ಇಳಿದು, ಮತ್ತೆ ಏರಿ ಇಳಿದು ಬರುವ ಲೆಕ್ಕವನ್ನು ಇದರಲ್ಲಿ ಕೂರಿಸೋದು ಹೇಗೆ? ಕರಾವಳಿಯವರಿಗೆ ಈ ಪ್ರಶ್ನೆ ಬರದೆ ಇನ್ಯಾರಿಗೆ ಬರಬೇಕು ಹೇಳಿ. ಇಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಮಳೆ ವರ್ಷಕ್ಕೊಮ್ಮೆ ಹಿಡಿದು ಬಡಿಯುತ್ತದೆ, ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿ ಹಾಕಿದ್ದೇನೆ.

ಪ್ರಶ್ನೆ: ಸರ್, ನಾನು ಡಿಗ್ರಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಬಂದರಿನ ಹತ್ತಿರ ನೀರಿನ ಮಟ್ಟವನ್ನು ಗಂಟೆಗೊಮ್ಮೆಯಂತೆ ಒಂದು ತಿಂಗಳು ದಾಖಲು ಮಾಡಿದ್ದೇವೆ. ನಡುವೆ ಕೆಲವು ರೀಡಿಂಗ್ ತಪ್ಪಿವೆ. ಮೇಡಂ ‘ಲೀನಿಯರ್ ರಿಗ್ರೆಶನ್ ಮಾಡಿ’ ಅಂದರು. ಎಕ್ಸೆಲ್‌ನಲ್ಲಿ ಟ್ರೆಂಡ್‌ಲೈನ್ ಹಾಕಿದರೆ ನಡುಮಧ್ಯೆ ಒಂದು ಗೆರೆ ಎಳೆದು ಸುಮ್ಮನಾಗುತ್ತದೆ. ಗೆರೆ ರೀಡಿಂಗಿಗೆ ಎಷ್ಟು ಹೊಂದಿದೆ ಅಂತ ಹೇಳುವ ಆರ್-ಸ್ಕ್ವೇರ್ ಸೊನ್ನೆ. ಉಬ್ಬರ ಇಳಿತಕ್ಕೆ ಬೇರೆ ಸಾಫ್ಟ್‌ವೇರ್ ಬೇಕಾ?
— ಒಬ್ಬ ವಿದ್ಯಾರ್ಥಿನಿ, ಮಲ್ಪೆ

ಉತ್ತರ: ಬೇಡ. ನಿಮ್ಮ ಮೇಡಂ ಸರಿಯಾಗೇ ಹೇಳಿದ್ದಾರೆ, ಟ್ರೆಂಡ್‌ಲೈನ್ ಬಟನ್ ಮಾತ್ರ ಈ ಕೆಲಸಕ್ಕೆ ಆಗುವುದಿಲ್ಲ. ಆ ಬಟನ್ನಿಗೆ ಗೊತ್ತಿರುವುದು ‘ಸಮಯ’ ಅನ್ನುವ ಒಂದೇ ಕಾಲಮ್. ರಿಗ್ರೆಶನ್ ಮಾಡುವುದೇನು? ನೀವು ಕೊಟ್ಟ ಒಂದೊಂದು ಕಾಲಮನ್ನೂ ಒಂದೊಂದು ಸಂಖ್ಯೆಯಿಂದ (ಇದೇ ಗುಣಾಂಕ) ಗುಣಿಸಿ ಎಲ್ಲವನ್ನೂ ಕೂಡಿಸುತ್ತದೆ, ಮತ್ತು ಬಂದ ಮೊತ್ತ ನಿಮ್ಮ ರೀಡಿಂಗಿಗೆ ಆದಷ್ಟು ಹತ್ತಿರ ಇರುವ ಹಾಗೆ ಆ ಸಂಖ್ಯೆಗಳನ್ನು ಆರಿಸುತ್ತದೆ. ಅಷ್ಟೇ. ಕಾಲಮಿನ ಒಳಗೆ ನೀವು ಏನು ತುಂಬಿದ್ದೀರಿ, ಅದು ನೇರವಾಗಿದೆಯಾ ಡೊಂಕಾಗಿದೆಯಾ ಅಂತ ಅದು ಕೇಳುವುದೇ ಇಲ್ಲ. ಹಾಗಾಗಿ ಅಲೆಯನ್ನು ನೀವೇ ಕಾಲಮಿನೊಳಗೆ ಕೂರಿಸಿ ಕೊಡಿ.

ಚಂದ್ರನಿಂದ ಬರುವ ಮುಖ್ಯ ಉಬ್ಬರದ ಅವಧಿ 12.42 ಗಂಟೆ. ಇದನ್ನು ನೀವು ಕಂಡುಹಿಡಿಯಬೇಕಾಗಿಲ್ಲ, ಚಂದ್ರನ ಓಟದಿಂದಲೇ ಗೊತ್ತಿರುವ ಸಂಖ್ಯೆ. ಮೊದಲ ರೀಡಿಂಗನ್ನು ಸೊನ್ನೆ ಗಂಟೆ ಅಂತ ಇಟ್ಟುಕೊಂಡು ಎರಡು ಹೊಸ ಕಾಲಮ್ ಮಾಡಿ: ಒಂದರಲ್ಲಿ 2 × ಪೈ × ಗಂಟೆ ÷ 12.42 ಇದರ ಸೈನ್, ಇನ್ನೊಂದರಲ್ಲಿ ಅದೇ ಸಂಖ್ಯೆಯ ಕೊಸೈನ್. ಈ ಎರಡು ಕಾಲಮ್ ಅಕ್ಕಪಕ್ಕದಲ್ಲೇ ಇರಲಿ. ಆಮೇಲೆ ರಿಗ್ರೆಶನ್ ಮಾಡಿಕೊಡುವ ಲಿನೆಸ್ಟ್ (LINEST) ಫಂಕ್ಷನ್‌ಗೆ ನೀರಿನ ಮಟ್ಟವನ್ನು ಒಂದು ಕಡೆ, ಈ ಎರಡು ಕಾಲಮನ್ನು ಇನ್ನೊಂದು ಕಡೆ ಕೊಡಿ. ಲಿಬ್ರೆ ಆಫೀಸ್‌ನಲ್ಲೂ ಇದೇ ಹೆಸರಿನ ಫಂಕ್ಷನ್ ಇದೆ. ‘ಆರ್’ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಗೊತ್ತಿದ್ದರೆ ಎಲ್‌ಎಂ (lm) ಅನ್ನುವ ಒಂದೇ ಸಾಲು ಸಾಕು.

ಒಂದು ಅಲೆಗೆ ಎರಡು ಕಾಲಮ್ ಯಾಕೆ ಅಂತ ಕೇಳಬಹುದು. ನಿಮ್ಮ ಮೊದಲ ರೀಡಿಂಗ್ ಹೊತ್ತಿಗೆ ಸಮುದ್ರ ಪೂರ್ತಿ ಉಬ್ಬರದಲ್ಲಿ ಇತ್ತೋ, ಇಳಿಯುತ್ತಾ ಇತ್ತೋ ನಮಗೆ ಗೊತ್ತಿಲ್ಲ ಅಲ್ವಾ? ಬರೀ ಸೈನ್ ಕೊಟ್ಟರೆ ಅಲೆ ಸೊನ್ನೆಯಿಂದಲೇ ಶುರುವಾಗಬೇಕು, ಬರೀ ಕೊಸೈನ್ ಕೊಟ್ಟರೆ ತುತ್ತತುದಿಯಿಂದಲೇ ಶುರುವಾಗಬೇಕು. ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ ಎಲ್ಲಿಂದ ಬೇಕಾದರೂ ಶುರುವಾಗುವ, ಎಷ್ಟು ಎತ್ತರ ಬೇಕಾದರೂ ಇರುವ ಅಲೆ ಸಿಗುತ್ತದೆ. ಉಬ್ಬರದ ಹೊತ್ತನ್ನು ನೇರವಾಗಿ ಸಮೀಕರಣದೊಳಗೆ ಹಾಕಿ ‘ಇದನ್ನೂ ಹುಡುಕು’ ಅಂದರೆ ರಿಗ್ರೆಶನ್ ಕೈಯೆತ್ತಿಬಿಡುತ್ತದೆ, ಯಾಕೆಂದರೆ ಅದು ಸೈನ್ ಒಳಗೆ ಸಿಕ್ಕಿಹಾಕಿಕೊಂಡಿರುತ್ತದೆ. ಎರಡು ಕಾಲಮ್ ಮಾಡಿದಾಗ ಅದೇ ವಿಷಯ ಹೊರಗೆ ಬಂದು ಎರಡು ಮಾಮೂಲಿ ಗುಣಾಂಕಗಳಾಗುತ್ತದೆ. ಇಡೀ ಉಪಾಯ ಇಷ್ಟೇ.

ಉತ್ತರ ಬಂದ ಮೇಲೆ ಅದನ್ನು ಓದುವುದಕ್ಕೂ ಒಂದು ಕ್ರಮ ಇದೆ. ಉದಾಹರಣೆಗೆ ಸೈನ್ ಗುಣಾಂಕ 0.30, ಕೊಸೈನ್ ಗುಣಾಂಕ 0.40 ಮೀಟರ್ ಬಂತು ಅಂದುಕೊಳ್ಳಿ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 0.50. ಅಂದರೆ ಸರಾಸರಿ ಮಟ್ಟದಿಂದ ಮೇಲೆ ಅರ್ಧ ಮೀಟರ್, ಕೆಳಗೆ ಅರ್ಧ ಮೀಟರ್. ಹೊತ್ತು ತಿಳಿಯಬೇಕಾದರೆ ಎರಡು ಗುಣಾಂಕಗಳಿಂದ ಕೋನ ಕೊಡುವ ಏಟ್ಯಾನ್-2 (ATAN2) ಫಂಕ್ಷನ್ ಬಳಸಿ. ಅದು ರೇಡಿಯನ್‌ನಲ್ಲಿ ಕೊಡುವ ಕೋನವನ್ನು ಡಿಗ್ರಿಗೆ ಬದಲಾಯಿಸಿದರೆ ಇಲ್ಲಿ 36.87 ಬರುತ್ತದೆ, ಅದನ್ನು 360ರಿಂದ ಭಾಗಿಸಿ 12.42ರಿಂದ ಗುಣಿಸಿದರೆ 1.27 ಗಂಟೆ. ಮೊದಲ ರೀಡಿಂಗ್ ಆಗಿ ಸುಮಾರು ಒಂದು ಗಂಟೆ ಹದಿನಾರು ನಿಮಿಷಕ್ಕೆ ಈ ಅಲೆಯ ತುದಿ. ಎರಡು ಕಡೆ ಜನ ಎಡವುತ್ತಾರೆ. ಲಿನೆಸ್ಟ್ ಗುಣಾಂಕಗಳನ್ನು ಹಿಂದುಮುಂದಾಗಿ ಕೊಡುತ್ತದೆ, ಕೊನೆಯ ಕಾಲಮಿನದ್ದು ಮೊದಲು. ಎಕ್ಸೆಲ್‌ನ ಏಟ್ಯಾನ್-2ಕ್ಕೆ ಕೊಸೈನ್ ಗುಣಾಂಕ ಮೊದಲು, ಸೈನ್ ಗುಣಾಂಕ ಆಮೇಲೆ ಕೊಡಬೇಕು; ‘ಆರ್’, ಪೈಥಾನ್‌ಗಳಲ್ಲಿ ಇದು ಉಲ್ಟಾ.

ಈಗ ಆರ್-ಸ್ಕ್ವೇರ್ ಚೆನ್ನಾಗಿ ಏರಿರುತ್ತದೆ, ಆದರೆ ಗ್ರಾಫ್ ನೋಡಿದರೆ ಅಮಾವಾಸ್ಯೆ ಹುಣ್ಣಿಮೆ ಹತ್ತಿರ ನಿಜವಾದ ಉಬ್ಬರ ನಿಮ್ಮ ಅಲೆಗಿಂತ ದೊಡ್ಡದಿರುತ್ತದೆ, ಅಷ್ಟಮಿ ಹತ್ತಿರ ಸಣ್ಣದಿರುತ್ತದೆ. ಮೀನುಗಾರರಿಗೆ ಗೊತ್ತಿರುವ ವಿಷಯವೇ. ಸೂರ್ಯನ ಅಲೆ 12.00 ಗಂಟೆಯದ್ದು. ಅದು ಚಂದ್ರನ ಅಲೆಯ ಜೊತೆ 14.77 ದಿನಕ್ಕೊಮ್ಮೆ ಸೇರಿ ನಡೆಯುತ್ತದೆ, ನಡುವೆ ಎದುರುಬದುರಾಗುತ್ತದೆ. ಅದಕ್ಕೂ ಎರಡು ಕಾಲಮ್ ಸೇರಿಸಿ. ನಮ್ಮ ಕಡೆ ದಿನದ ಎರಡು ಉಬ್ಬರಗಳು ಒಂದೇ ಎತ್ತರ ಇರುವುದಿಲ್ಲ, ಆ ವ್ಯತ್ಯಾಸ ಬರುವುದು ದಿನಕ್ಕೊಮ್ಮೆಯ ಅಲೆಗಳಿಂದ: 23.93 ಮತ್ತು 25.82 ಗಂಟೆ. ಚಂದ್ರ ಭೂಮಿಗೆ ಹತ್ತಿರ ಬಂದು ದೂರ ಹೋಗುವುದಕ್ಕೆ 12.66 ಗಂಟೆಯ ಇನ್ನೊಂದು. ಐದು ಅಲೆ, ಹತ್ತು ಕಾಲಮ್. ಒಂದು ತಿಂಗಳ ಲೆಕ್ಕಕ್ಕೆ ಇಷ್ಟು ಸಾಕು, ಇದಕ್ಕಿಂತ ಜಾಸ್ತಿ ಹಾಕುವ ಆಸೆಗೆ ಬೀಳಬೇಡಿ. ಉದಾಹರಣೆಗೆ 24.07 ಗಂಟೆಯ ಅಲೆಯೂ ಒಂದಿದೆ. ಅದನ್ನು 23.93ರ ಅಲೆಯಿಂದ ಬೇರೆ ಮಾಡಿ ಗುರುತಿಸಬೇಕಾದರೆ ಸುಮಾರು ಆರು ತಿಂಗಳ ರೀಡಿಂಗ್ ಬೇಕು. ತಿಂಗಳ ಲೆಕ್ಕದಲ್ಲಿ ಎರಡನ್ನೂ ಹಾಕಿದರೆ ಒಂದಕ್ಕೆ ದೊಡ್ಡ ಪ್ಲಸ್, ಇನ್ನೊಂದಕ್ಕೆ ದೊಡ್ಡ ಮೈನಸ್ ಬಂದು ಕೂರುತ್ತದೆ, ಅದನ್ನು ನೋಡಿ ನಿಮ್ಮ ಮೇಡಂ ಪ್ರಶ್ನೆ ಕೇಳದೆ ಬಿಡುವುದಿಲ್ಲ.

ತಪ್ಪಿದ ರೀಡಿಂಗ್ ಬಗ್ಗೆ ಚಿಂತೆ ಬೇಡ. ಆ ಸಾಲನ್ನು ತೆಗೆದುಬಿಡಿ, ಉಳಿದವುಗಳ ಗಂಟೆ ಸರಿಯಾಗಿದ್ದರೆ ಆಯಿತು. ಸಮ ಅಂತರದ ರೀಡಿಂಗ್ ಬೇಕೇ ಬೇಕು ಅನ್ನುವ ಹಟ ರಿಗ್ರೆಶನ್‌ಗೆ ಇಲ್ಲ. ಆದರೆ ಏನೂ ಇಲ್ಲದಿದ್ದರೂ ಇಂಥ ಉತ್ತರ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟು ಅಂತ ಅದು ಕೊಡುವ ಪಿ-ವ್ಯಾಲ್ಯೂಗಳನ್ನು ಪೂರ್ತಿ ನಂಬಬೇಡಿ. ಗಾಳಿಗೆ ಹತ್ತು ಗಂಟೆಗೆ ನೀರು ಎತ್ತರ ಇದ್ದರೆ ಹನ್ನೊಂದಕ್ಕೂ ಎತ್ತರವೇ ಇರುತ್ತದೆ, ಸಾಫ್ಟ್‌ವೇರ್ ಮಾತ್ರ ಎರಡೂ ಬೇರೆ ಬೇರೆ ಸಾಕ್ಷಿ ಅಂತ ಲೆಕ್ಕ ಹಾಕುತ್ತದೆ.

ಅಂದಹಾಗೆ ನೀವು ಮಾಡುತ್ತಿರುವುದು ಹೊಸ ವಿದ್ಯೆಯೇನಲ್ಲ. ರಿಗ್ರೆಶನ್ ಹಿಂದಿರುವ ಕನಿಷ್ಠ ವರ್ಗಗಳ ವಿಧಾನವನ್ನು ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ ಪ್ರಕಟಿಸಿದ್ದು 1805ರಲ್ಲಿ. ಉಬ್ಬರವನ್ನು ಹೀಗೆ ಅಲೆಗಳಾಗಿ ಬಿಡಿಸುವ ಕೆಲಸವನ್ನು ಬೆಳೆಸಿದವರಲ್ಲಿ ಮುಂದಾಳು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು. ಬಿಡಿಸಿದ ಅಲೆಗಳನ್ನು ರಾಟೆ ಮತ್ತು ಹಗ್ಗದಿಂದ ಮತ್ತೆ ಕೂಡಿಸಿ ಮುಂದಿನ ಉಬ್ಬರ ಹೇಳುವ ಯಂತ್ರವನ್ನೂ 1870ರ ದಶಕದಲ್ಲಿ ಅವರು ಮಾಡಿಸಿದರು. ಅಂಥದ್ದೇ ಒಂದು ಯಂತ್ರ ಭಾರತದ ಬಂದರುಗಳಿಗೆಂದೇ ತಯಾರಾಗಿತ್ತು. ನಿಮಗೆ ಲ್ಯಾಪ್‌ಟಾಪ್ ಇದೆ, ಅವರಿಗೆ ಹಿತ್ತಾಳೆ ಚಕ್ರ ಇತ್ತು.

ಪ್ರಶ್ನೆ: ಸೈನ್ ಕೊಸೈನ್ ಎಲ್ಲ ಹಾಕಿದೆ. ಗ್ರಾಫ್ ಮುಳ್ಳುಹಂದಿ ಥರ ಬರುತ್ತದೆ. ಏನು ಮಾಡಲಿ?
— ಕುಂದಾಪುರದ ಒಬ್ಬರು

ಉತ್ತರ: ಎಕ್ಸೆಲ್‌ನ ಸೈನ್ ಫಂಕ್ಷನ್‌ಗೆ ಡಿಗ್ರಿ ಗೊತ್ತಿಲ್ಲ, ರೇಡಿಯನ್ ಮಾತ್ರ. 360 × ಸಮಯ ÷ ಅವಧಿ ಅಂತ ಕೊಟ್ಟಿದ್ದರೆ ಅದರ ಬದಲು 2 × ಪೈ × ಸಮಯ ÷ ಅವಧಿ ಅಂತ ಮಾಡಿ. ಅದು ಸರಿ ಇದ್ದರೆ ಸಮಯದ ಕಾಲಮ್ ನೋಡಿ: ಎಕ್ಸೆಲ್ ತಾರೀಕು ಮತ್ತು ಹೊತ್ತನ್ನು ದಿನದ ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ಅವಧಿ ಗಂಟೆಯಲ್ಲಿ ಇದ್ದರೆ ಸಮಯವನ್ನು 24ರಿಂದ ಗುಣಿಸಲೇಬೇಕು.

ಪ್ರಶ್ನೆ: ನಮ್ಮ ಮನೆ ಫಲ್ಗುಣಿ ಹೊಳೆಯ ಬದಿಯಲ್ಲಿ, ಅಳಿವೆಗೆ ಹತ್ತಿರ. ರಿಟೈರ್ ಆದ ಮೇಲೆ ಹವ್ಯಾಸಕ್ಕೆ ದಿನಾ ಬೆಳಿಗ್ಗೆ ಆರು ಗಂಟೆಗೆ ಮೆಟ್ಟಿಲಿನ ಹತ್ತಿರ ನೀರು ಎಲ್ಲಿವರೆಗೆ ಇದೆ ಅಂತ ಬರೆದಿಡುತ್ತೇನೆ. ಗ್ರಾಫ್ ಹಾಕಿದರೆ ಹೆಚ್ಚುಕಮ್ಮಿ ಹದಿನೈದು ದಿನಕ್ಕೊಮ್ಮೆ ಚಂದವಾಗಿ ಏರಿಳಿಯುತ್ತದೆ. ಹೊಳೆಗೆ ಪಕ್ಷಕ್ಕೊಂದು ಉಬ್ಬರ ಇದೆ ಅಂತ ನನ್ನ ವಾದ. ಮೊಮ್ಮಗ ನಗುತ್ತಾನೆ.
— ಒಬ್ಬ ಹಿರಿಯರು, ಕೂಳೂರು

ಉತ್ತರ: ಮೊಮ್ಮಗ ನಗಬಾರದಿತ್ತು, ಆದರೆ ವಿಷಯದಲ್ಲಿ ಅವನ ಕಡೆಯೇ ನ್ಯಾಯ ಇದೆ. ಚಂದ್ರನ ಉಬ್ಬರ ಎರಡು ಸಲ ಬಂದು ಹೋಗಲು 24 ಗಂಟೆ 50 ನಿಮಿಷ ಬೇಕು. ನೀವು ನೋಡುವುದು ಸರಿಯಾಗಿ 24 ಗಂಟೆಗೊಮ್ಮೆ. ಹಾಗಾಗಿ ದಿನದಿಂದ ದಿನಕ್ಕೆ ನಿಮಗೆ ಕಾಣುವುದು ಅದೇ ಅಲೆಯ 50 ನಿಮಿಷ ಹಿಂದಿನ ಭಾಗ. ದಿನಕ್ಕೆ 50 ನಿಮಿಷದಂತೆ ಜಾರುತ್ತಾ 14.77 ದಿನದಲ್ಲಿ ಪೂರ್ತಿ 12.42 ಗಂಟೆ ಜಾರಿ ಮತ್ತೆ ಶುರುವಿಗೆ ಬರುತ್ತದೆ. ನಿಮ್ಮ ಚಂದದ ಹದಿನೈದು ದಿನದ ಅಲೆ ಅಂದರೆ ದಿನಕ್ಕೆ ಎರಡು ಸಲದ ಅದೇ ಉಬ್ಬರ, ಬೇರೆ ವೇಷದಲ್ಲಿ.

ಇಲ್ಲಿ ಸಾಫ್ಟ್‌ವೇರ್ ಎಷ್ಟು ದುಬಾರಿಯದ್ದಾದರೂ ಪ್ರಯೋಜನಕ್ಕೆ ಬಾರದು. ನಿಮ್ಮ ಲೆಕ್ಕಕ್ಕೆ 12.42 ಗಂಟೆಯ ಎರಡು ಕಾಲಮ್ ಕೊಟ್ಟರೂ, 14.77 ದಿನದ ಎರಡು ಕಾಲಮ್ ಕೊಟ್ಟರೂ ಉತ್ತರ ಹೆಚ್ಚುಕಮ್ಮಿ ಒಂದೇ, ಯಾಕೆಂದರೆ ಬೆಳಿಗ್ಗೆ ಆರು ಗಂಟೆಯ ಸಾಲುಗಳಲ್ಲಿ ಆ ಎರಡೂ ಕಾಲಮ್‌ಗಳ ಏರಿಳಿತ ಒಂದೇ. ಸೂರ್ಯನ 12 ಗಂಟೆಯ ಅಲೆಯನ್ನು ಹಾಕಿದರೆ ಇನ್ನೂ ತಮಾಷೆ: ದಿನಾ ಅದೇ ಹೊತ್ತಿಗೆ ನೋಡುವುದರಿಂದ ಆ ಕಾಲಮಿನ ಉದ್ದಕ್ಕೂ ಒಂದೇ ಸಂಖ್ಯೆ. ಎಕ್ಸೆಲ್ ಅದಕ್ಕೆ ಸೊನ್ನೆ ಕೊಟ್ಟು ಬದಿಗಿಡುತ್ತದೆ, ‘ಆರ್’ ಉತ್ತರವನ್ನೇ ಖಾಲಿ ಬಿಡುತ್ತದೆ.

ಪರಿಹಾರ ಸುಲಭ, ಖರ್ಚಿಲ್ಲದ್ದು. ಹೊತ್ತು ಬದಲಾಯಿಸಿ. ಒಂದು ದಿನ ಆರಕ್ಕೆ, ಇನ್ನೊಂದು ದಿನ ಒಂಬತ್ತಕ್ಕೆ, ಸಂಜೆ ಕಾಫಿ ಕುಡಿದ ಮೇಲೆ ಒಮ್ಮೆ. ಗಡಿಯಾರ ನೋಡಿ ಸರಿಯಾದ ಹೊತ್ತು ಬರೆದಿಟ್ಟರೆ ಸಾಕು. ಹೀಗೆ ಅಡ್ಡಾದಿಡ್ಡಿ ತೆಗೆದ ರೀಡಿಂಗೇ ಈ ವಿಷಯದಲ್ಲಿ ಶಿಸ್ತಿನ ರೀಡಿಂಗಿಗಿಂತ ಮೇಲು. ಮಳೆಗಾಲದಲ್ಲಿ ಹೊಳೆಗೆ ಮೇಲಿನಿಂದ ನೀರು ಬಂದಾಗ ಲೆಕ್ಕವೆಲ್ಲ ಬೇರೆಯೇ ಆಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ರೀಡಿಂಗನ್ನು ಪ್ರತ್ಯೇಕ ಇಡಿ.

ಪ್ರಶ್ನೆ: ಮಕ್ಕಳಿಗೆ ತೋರಿಸೋಣ ಅಂತ ಮಂಗಳೂರಿನ ತಿಂಗಳುವಾರು ಮಳೆಯನ್ನು 12 ತಿಂಗಳ ಸೈನ್, ಕೊಸೈನ್ ಹಾಕಿ ಫಿಟ್ ಮಾಡಿದೆ. ಜನವರಿಗೆ ಮೈನಸ್ ನೂರು ಮಿಲಿಮೀಟರಿಗಿಂತಲೂ ಕೆಳಗೆ ಮಳೆ ಅಂತ ತೋರಿಸಿತು. ಮಕ್ಕಳು ‘ಸರ್, ಮಳೆ ಮೇಲಕ್ಕೆ ಹೋಗುತ್ತಾ?’ ಅಂತ ಕೇಳಿದರು.
— ಹೈಸ್ಕೂಲ್ ಮೇಷ್ಟ್ರು, ಕಾರ್ಕಳ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದಾರೆ, ಬೈಯಬೇಡಿ. ಒಂದು ಸೈನ್ ಅಲೆ ಏರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಇಳಿಯಲೂ ಅಷ್ಟೇ, ಸರಾಸರಿಗಿಂತ ಎಷ್ಟು ಮೇಲೆ ಹೋಗುತ್ತದೋ ಕೆಳಗೂ ಅಷ್ಟೇ. ನಮ್ಮ ಮಳೆ ಹಾಗಿಲ್ಲವಲ್ಲ. ಡಿಸೆಂಬರಿನಿಂದ ಮಾರ್ಚಿನವರೆಗೆ ಹೆಚ್ಚುಕಮ್ಮಿ ಏನೂ ಇಲ್ಲ, ಜೂನ್ ಜುಲೈಯಲ್ಲಿ ತಿಂಗಳಿಗೆ ಸಾವಿರ ಮಿಲಿಮೀಟರ್ ಆಸುಪಾಸು. ಅಷ್ಟು ಎತ್ತರ ಮುಟ್ಟಲು ಹೊರಟ ಅಲೆ ಇನ್ನೊಂದು ತುದಿಯಲ್ಲಿ ಸೊನ್ನೆಯ ಕೆಳಗೆ ಹೋಗಲೇಬೇಕು.

ಆರು ತಿಂಗಳ ಅವಧಿಯ ಇನ್ನೊಂದು ಜೋಡಿ ಸೇರಿಸಿ. ಆಮೇಲೆ ನಾಲ್ಕು ತಿಂಗಳದ್ದು. ಒಂದೊಂದು ಜೋಡಿ ಸೇರಿದಾಗಲೂ ಅಲೆಯ ಆಕಾರ ಮಳೆಗಾಲದ ಆಕಾರಕ್ಕೆ ಹತ್ತಿರ ಬರುವುದನ್ನು ಮಕ್ಕಳಿಗೆ ಬೋರ್ಡ್ ಮೇಲೆ ತೋರಿಸಬಹುದು, ಚೆನ್ನಾಗಿರುತ್ತದೆ. ಹೀಗೆ 12, 6, 4, 3, 2.4 ತಿಂಗಳ ಐದು ಜೋಡಿ, ಮತ್ತೆ 2 ತಿಂಗಳದ್ದು ಕೊಸೈನ್ ಮಾತ್ರ ಹಾಕಿದರೆ ಒಟ್ಟು 11 ಕಾಲಮ್. ಎರಡು ತಿಂಗಳ ಸೈನ್ ಹಾಕುವ ಹಾಗಿಲ್ಲ, ತಿಂಗಳಿಗೆ 0, 1, 2 ಅಂತ ಸಂಖ್ಯೆ ಕೊಟ್ಟರೆ ಅದರ ಬೆಲೆ ಎಲ್ಲ ಕಡೆ ಸೊನ್ನೆಯೇ. ಆದರೆ ಅಷ್ಟು ದೂರ ಹೋದರೆ ನಿಮಗೆ ಸಿಗುವುದು ಒಂದೊಂದು ತಿಂಗಳ ಸರಾಸರಿ, ಬೇರೆ ಏನಲ್ಲ. ಅದನ್ನು ಕ್ಯಾಲ್ಕುಲೇಟರಿನಲ್ಲೇ ಮಾಡಬಹುದಿತ್ತು! ಹಾಗಾಗಿ ಎರಡು ಮೂರು ಜೋಡಿಗೆ ನಿಲ್ಲಿಸುವುದರಲ್ಲೇ ಜಾಣತನ. ದಿನದ ಮಳೆ ಲೆಕ್ಕ ಸಿಕ್ಕಿದರೆ ಅವಧಿಯನ್ನು 365.25 ದಿನ ಅಂತ ಇಡಿ.

ಮೈನಸ್ ಆದರೂ ಬರಬಹುದು, ಸ್ವಲ್ಪ. ಅದು ಬರಲೇಬಾರದು ಅಂದರೆ ಪಾಯ್ಸಾನ್ ಅಥವಾ ಗ್ಯಾಮಾ ರಿಗ್ರೆಶನ್ ಬಳಸಬೇಕು. ಅದರಲ್ಲಿ ಕಾಲಮ್‌ಗಳು ಇವೇ, ಆದರೆ ಅವು ಮಳೆಯ ಬದಲು ಸರಾಸರಿ ಮಳೆಯ ಲಾಗರಿದಮ್ ಅನ್ನು ಕಟ್ಟುತ್ತವೆ. ಮಳೆಯ ಲಾಗರಿದಮ್ ತೆಗೆದು ಮಾಮೂಲಿ ರಿಗ್ರೆಶನ್ ಮಾಡೋಣ ಅಂದರೆ ಜನವರಿಯ ಸೊನ್ನೆಯ ಲಾಗರಿದಮ್ ಎಲ್ಲಿಂದ ತರುತ್ತೀರಿ?

ಪ್ರಶ್ನೆ: ಮಣಿಪಾಲದಲ್ಲಿ ಓದುತ್ತಿದ್ದೇನೆ. ಎಸಿ ರೂಮಿನ ತಾಪಮಾನವನ್ನು ಸೆನ್ಸರ್ ನಿಮಿಷಕ್ಕೊಮ್ಮೆ ಬರೆಯುತ್ತದೆ. ಏರಿಳಿತ ಕಾಣುತ್ತದೆ, ಆದರೆ ಅವಧಿ ಎಷ್ಟು ಅಂತ ಗೊತ್ತಿಲ್ಲ. ಅವಧಿಯನ್ನೂ ರಿಗ್ರೆಶನ್ನೇ ಹೇಳಲಿ ಅಂದರೆ ಆಗಲ್ವಾ?
— ಇಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ನೇರವಾಗಿ ಆಗಲ್ಲ. ಅವಧಿ ಸೈನ್ ಒಳಗೆ ಕೂತಿದೆ, ಅದನ್ನು ಹೊರಗೆಳೆದು ಗುಣಾಂಕ ಮಾಡುವ ಉಪಾಯ ಇಲ್ಲ. ಆದರೆ ಒಂದೊಂದೇ ಅವಧಿ ಇಟ್ಟು ನೋಡಬಹುದು: 5 ನಿಮಿಷಕ್ಕೆ ಎರಡು ಕಾಲಮ್ ಮಾಡಿ ರಿಗ್ರೆಶನ್, 5.1ಕ್ಕೆ ಇನ್ನೊಂದು, ಹೀಗೆ ಒಂದು ಗಂಟೆಯವರೆಗೆ. ಪ್ರತಿ ಸಲ ಉಳಿದ ತಪ್ಪಿನ ಮೊತ್ತ ಬರೆದಿಟ್ಟುಕೊಂಡು ಗ್ರಾಫ್ ಹಾಕಿದರೆ ನಿಜವಾದ ಅವಧಿಯ ಹತ್ತಿರ ಅದು ಗುಂಡಿಯ ಹಾಗೆ ಕುಸಿಯುತ್ತದೆ. ಅಸಮ ಅಂತರದ ರೀಡಿಂಗ್‌ಗಳಿಗೆ ಲಾಂಬ್ 1976ರಲ್ಲಿ, ಸ್ಕಾರ್ಗಲ್ 1982ರಲ್ಲಿ ಬೆಳೆಸಿದ ವಿಧಾನದ ತಿರುಳು ಇದೇ. ಪೈಥಾನ್‌ನಲ್ಲಿ ಅವರಿಬ್ಬರ ಹೆಸರಿನಲ್ಲೇ ಫಂಕ್ಷನ್ ಸಿಗುತ್ತದೆ. ಎಕ್ಸೆಲ್‌ನಲ್ಲಿ ಉತ್ತರ ಹುಡುಕುವ ಸಾಧನವಾದ ಸಾಲ್ವರ್‌ಗೆ ಮೊದಲೇ ‘ಅವಧಿ ಹುಡುಕು’ ಅಂತ ಬಿಟ್ಟರೆ ಅದು ಹತ್ತಿರದ ಯಾವುದೋ ಸಣ್ಣ ಗುಂಡಿಯಲ್ಲಿ ಬಿದ್ದು ಅಲ್ಲೇ ಉಳಿಯುತ್ತದೆ. ಹುಡುಕಿ ದೊಡ್ಡ ಗುಂಡಿ ಕಂಡ ಮೇಲೆ ನಿಖರತೆಗೆ ಬೇಕಾದರೆ ಸಾಲ್ವರ್ ಓಡಿಸಿ.

ಒಂದು ಎಚ್ಚರಿಕೆ. ಐನೂರು ಅವಧಿ ಇಟ್ಟು ನೋಡಿದಾಗ, ಏನೂ ಇಲ್ಲದ ಬರೀ ಗದ್ದಲದ ಲೆಕ್ಕದಲ್ಲೂ ಶೇಕಡಾ 5ರ (ನೂರಕ್ಕೆ ಐದು ಸಲ ಆಕಸ್ಮಿಕವಾಗಿ ಪಾಸಾಗುವ) ಪರೀಕ್ಷೆಯನ್ನು ಸರಾಸರಿ 25 ಅವಧಿಗಳು ಪಾಸಾಗುತ್ತವೆ. ಹಾಗಾಗಿ ಅರ್ಧ ರೀಡಿಂಗ್‌ನಲ್ಲಿ ಅವಧಿ ಹುಡುಕಿ, ಉಳಿದರ್ಧದಲ್ಲಿ ಪರೀಕ್ಷೆ ಮಾಡಿ. ಇನ್ನೊಂದು, ಸಮುದ್ರದ ಹಾಗೆ ನಿಮ್ಮ ಎಸಿ ಲಯ ಕಾಯ್ದುಕೊಳ್ಳುವುದಿಲ್ಲ. ಮಧ್ಯಾಹ್ನ ಸೆಖೆಗೆ ಕಂಪ್ರೆಸರ್ ಜಾಸ್ತಿ ಹೊತ್ತು ಓಡುತ್ತದೆ, ಯಾರೋ ಬಾಗಿಲು ತೆಗೆದಿಟ್ಟು ಹೋಗುತ್ತಾರೆ. ಇಡೀ ದಿನಕ್ಕೆ ಒಂದು ಅವಧಿ ಹುಡುಕುವ ಬದಲು ಎರಡೆರಡು ಗಂಟೆಯ ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಹುಡುಕಿ.

ಪ್ರಶ್ನೆ: ದಕ್ಕೆ ಹತ್ತಿರ ಐಸ್ ಪ್ಲಾಂಟಿನ ಲೆಕ್ಕ ನೋಡಿಕೊಳ್ಳುತ್ತೇನೆ. ದಿನದ ಐಸ್ ಮಾರಾಟಕ್ಕೆ ವರ್ಷದ ಅಲೆ ಹಾಕಿದರೆ ಮೇ ತಿಂಗಳ ಕೊನೆಯಲ್ಲೇ ವ್ಯಾಪಾರ ಇಳಿದ ಹಾಗೆ ತೋರಿಸುತ್ತದೆ. ನಿಜವಾಗಿ ಮೇ 31ರವರೆಗೂ ಬೋಟುಗಳು ಹೋಗುತ್ತವೆ.
— ಮಂಗಳೂರಿನ ಓದುಗರು

ಉತ್ತರ: ಅಲೆಗೆ ಸರ್ಕಾರಿ ಆದೇಶ ಗೊತ್ತಿಲ್ಲ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ಒಂದೇ ದಿನದಲ್ಲಿ ವ್ಯಾಪಾರ ಬಿದ್ದುಹೋಗುತ್ತದೆ. ಸೈನ್ ಎಷ್ಟು ಜೋಡಿ ಸೇರಿಸಿದರೂ ಅಂಥ ಕಡಿದ ಅಂಚನ್ನು ನಯ ಮಾಡಿಬಿಡುತ್ತದೆ, ಅಂಚಿನ ಹತ್ತಿರ ಸುಮ್ನೆ ನಡುಗುತ್ತದೆ ಬೇರೆ. ನಿಷೇಧದ ದಿನಗಳಿಗೆ 1, ಉಳಿದ ದಿನಗಳಿಗೆ 0 ಇರುವ ಒಂದು ಕಾಲಮ್ ಸೇರಿಸಿ. ಸೈನ್, ಕೊಸೈನ್ ಕಾಲಮ್‌ಗಳಲ್ಲಿ ನಿಷೇಧದ ದಿನಗಳ ಸಾಲಿಗೆ ಸೊನ್ನೆ ಹಾಕಿ. ಆಗ ನಾಡದೋಣಿಯವರು ಒಯ್ಯುವ ಮಳೆಗಾಲದ ಸ್ವಲ್ಪ ಐಸ್ ಒಂದು ಕಡೆ, ಬೋಟಿನ ಸೀಸನ್ ಲೆಕ್ಕ ಇನ್ನೊಂದು ಕಡೆ, ಒಂದನ್ನೊಂದು ಕೆಡಿಸುವುದಿಲ್ಲ.

ಪ್ರಶ್ನೆ: ಉಡುಪಿ ರಥಬೀದಿ ಹತ್ತಿರ ನಮ್ಮದೊಂದು ಅಂಗಡಿ. 2023ರ ಜನವರಿಯಿಂದ ದಿನದ ವ್ಯಾಪಾರ ಕಂಪ್ಯೂಟರಿನಲ್ಲಿದೆ. ವಾರ, ವರ್ಷ, ದೀಪಾವಳಿ, ಪರ್ಯಾಯ ಎಲ್ಲದಕ್ಕೂ ಸೈನ್ ಹಾಕಬೇಕಾ? ಮಗಳು ಹಾಕಿಕೊಡುತ್ತಾಳೆ.
— ಅಂಗಡಿ ಮಾಲೀಕರು

ಉತ್ತರ: ವರ್ಷಕ್ಕೆ ಮಾತ್ರ ಹಾಕಲಿ, ಎರಡು ಜೋಡಿ ಸಾಕು. ಜೊತೆಗೆ ವ್ಯಾಪಾರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಅದಕ್ಕೆ ಮಾಮೂಲಿ ದಿನದ ಸಂಖ್ಯೆಯ ಕಾಲಮ್ ಒಂದು, ಇಲ್ಲದಿದ್ದರೆ ಆ ಬೆಳವಣಿಗೆಯೂ ಅಲೆಯೊಳಗೆ ನುಗ್ಗುತ್ತದೆ. ವಾರಕ್ಕೆ 0 ಮತ್ತು 1ರ ಆರು ಕಾಲಮ್, ಸೋಮವಾರದಿಂದ ಶನಿವಾರದವರೆಗೆ. ಭಾನುವಾರಕ್ಕೆ ಬೇಡ, ಏಳೂ ಹಾಕಿದರೆ ರಿಗ್ರೆಶನ್ ತಾನೇ ಸೇರಿಸಿಕೊಳ್ಳುವ ಸ್ಥಿರಾಂಕದ ಜೊತೆ ಜಗಳ ಶುರುವಾಗುತ್ತದೆ.

ದೀಪಾವಳಿ ಚಾಂದ್ರಮಾನದ ಹಬ್ಬ. 2023ರಲ್ಲಿ ನವೆಂಬರ್ ನಡುವಿಗೆ ಬಂತು, 2025ರಲ್ಲಿ ಅಕ್ಟೋಬರ್ 20ರ ಹೊತ್ತಿಗೆ. ಅಧಿಕ ಮಾಸ ಬಂದಾಗ ಮತ್ತೆ ನವೆಂಬರ್ ಕಡೆಗೆ ಜಿಗಿಯುತ್ತದೆ. 365.25 ದಿನದ ಸೈನ್ ಇದರ ಹಿಂದೆ ಓಡಲು ಆಗುವುದಿಲ್ಲ. ಪಂಚಾಂಗ ನೋಡಿ ಆ ವಾರಕ್ಕೆ 1 ಹಾಕಿ. ಚೌತಿ, ಕೃಷ್ಣಾಷ್ಟಮಿಗೂ ಹಾಗೆಯೇ. ಕೃಷ್ಣಾಷ್ಟಮಿಯ ಮೊಸರುಕುಡಿಕೆ ಉತ್ಸವವಾದ ವಿಟ್ಲಪಿಂಡಿಯ ದಿನಕ್ಕೆ ಬೇರೆ ಕಾಲಮೇ ಇರಲಿ, ಆ ದಿನದ ರಥಬೀದಿ ನಿಮಗೆ ನಾನು ಹೇಳಬೇಕಾಗಿಲ್ಲ.

ಪರ್ಯಾಯ ಸಮ ಸಂಖ್ಯೆಯ ವರ್ಷಗಳ ಜನವರಿ 18ಕ್ಕೆ. ನಿಮ್ಮ ಲೆಕ್ಕದಲ್ಲಿ 2024 ಮತ್ತು 2026 ಎರಡೇ ಸಿಗುತ್ತವೆ. ಎರಡು ವರ್ಷದ ಸೈನ್ ಹಾಕಿದರೆ ಸಾಫ್ಟ್‌ವೇರ್ ಸಂತೋಷವಾಗಿ ಒಂದು ಅಲೆ ಕೊಡುತ್ತದೆ, ಆದರೆ ಆ ಅಲೆ ಪರ್ಯಾಯದ್ದೋ ಅಥವಾ 2025ರಲ್ಲಿ ಎದುರಿಗೆ ಹೊಸ ಅಂಗಡಿ ತೆರೆದದ್ದೋ ಹೇಳಲು ದಾರಿ ಇಲ್ಲ. ಮತ್ತೆ ಪರ್ಯಾಯದ ವ್ಯಾಪಾರ ಕೆಲವೇ ದಿನಗಳ ಗದ್ದಲ, ಎರಡು ವರ್ಷ ನಿಧಾನವಾಗಿ ಏರಿಳಿಯುವಂಥದ್ದಲ್ಲ. ಆ ದಿನಗಳಿಗೆ 0, 1ರ ಕಾಲಮ್ ಒಂದು ಹಾಕಿ. ಎಂಟು ಮಠಗಳ ಸುತ್ತು ಮುಗಿಯಲು 16 ವರ್ಷ, ಅದಕ್ಕೂ ಸೈನ್ ಬೇಕಾ ಅಂತ ಮಗಳು ಕೇಳಿದರೆ ಬೇಡ ಅನ್ನಿ. 2028ರ ಜನವರಿಗೆ ಆ ಕಾಲಮಿನಲ್ಲಿ 1 ಹಾಕಿ ಅಂದಾಜು ತೆಗೆಯಬಹುದು, ಆದರೆ ಅದು ಎರಡು ಪರ್ಯಾಯಗಳ ಮೇಲೆ ನಿಂತ ಸಂಖ್ಯೆ. ಅಷ್ಟನ್ನೇ ನಂಬಿ ಪೂರ್ತಿ ಸ್ಟಾಕ್ ತರಿಸಬೇಡಿ, ಹಿಂದಿನ ಪರ್ಯಾಯಗಳ ಹಳೆಯ ಲೆಕ್ಕದ ಪುಸ್ತಕ ಮನೆಯಲ್ಲಿದ್ದರೆ ಅದನ್ನೂ ಮಗಳ ಕೈಗೆ ಕೊಡಿ.